ಕೆಳಗಿನ ಸ್ವರ ಎಸೆಯಬೇಡ ಪುಟ್ಟಿ

ಕೊಪ್ಪಳ

ಪ್ರೀತಿಯ ಪುಟ್ಟಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಆರಾಮ ಇದ್ದೇವೆ. ಬಳ್ಳಾರಿಯಲ್ಲಿ ನಿನ್ನ ಹಾಸ್ಟೆಲ್ ಊಟ ಈಗ ಪರವಾಗಿಲ್ವಾ? ನೀನು ಕಳಿಸಿದ ಕೋಡ್ ಪೂರ್ತಿ ಓದಿದೆ. ಕೀಬೋರ್ಡಿನಲ್ಲಿ ಒತ್ತಿದ ಸ್ವರ ನೋಡಿ ಅದು ಯಾವ ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಯಾವ ಗುಂಪು ಅಂತ ಹೇಳೋ ಪ್ರೋಗ್ರಾಂ! ತುಂಬಾ ಖುಷಿ ಆಯ್ತು. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಆ ಉದ್ದ ಪಟ್ಟಿ ತೆಗೆದುಹಾಕು. ಸಿ ಮೇಜರ್, ಸಿ ಶಾರ್ಪ್ ಮೇಜರ್, ಡಿ ಮೇಜರ್ ಅಂತ ಹನ್ನೆರಡಕ್ಕೂ ಬೇರೆ ಬೇರೆ ಸಾಲು ಯಾಕೆ? ಭಜನೆಯಲ್ಲಿ ಹಾಡುವವರು ಬದಲಾದರೆ ಹಾರ್ಮೋನಿಯಂನಲ್ಲಿ ಬಿಳಿ ಒಂದರಿಂದ ಕರಿ ಎರಡಕ್ಕೆ ಷಡ್ಜ ಬದಲಿಸುತ್ತೇವೆ ಅಲ್ವಾ? ಹಾಡು ಅದೇ, ಸ್ವರಗಳ ಅಂತರವೂ ಅದೇ. ಕಾರ್ಡ್ ಅಂದರೂ ಅಂತರವೇ. ಕಾರ್ಡಿಗೆ ಹೆಸರು ಕೊಡುವ ಮೂಲ ಸ್ವರವನ್ನು 0 ಅಂತ ಇಟ್ಟು, ಉಳಿದವು ಎಷ್ಟು ಮನೆ ಮೇಲಿವೆ ಅಂತ ಎಣಿಸು. ಮೇಜರ್ 0, 4, 7. ಮೈನರ್ 0, 3, 7. ಡಿಮಿನಿಶ್ಡ್ 0, 3, 6. ಡಾಮಿನೆಂಟ್ ಸೆವೆಂತ್ 0, 4, 7, 10. ಹೀಗೆ ಒಂದೊಂದು ಬಗೆಗೆ ಒಂದೇ ಸಾಲು ಸಾಕು. ಬಂದ ಸ್ವರಗಳಲ್ಲಿ ಒಂದೊಂದನ್ನೂ ಸರದಿ ಪ್ರಕಾರ ಮೂಲ ಅಂತ ಇಟ್ಟು ನೋಡು.

ಕಾಗದದ ಮೇಲೆ ಒಮ್ಮೆ ಮಾಡು. ಕೀಬೋರ್ಡು ಒಂದೊಂದು ಮನೆಗೂ ಕಳಿಸುವ ಮಿಡಿ ಸಂಖ್ಯೆ 64, 67, 72 ಬಂದವು ಅಂತಿಟ್ಟುಕೋ. ಹನ್ನೆರಡರಿಂದ ಭಾಗಿಸಿದರೆ ಶೇಷ 4, 7, 0. ಅಂದರೆ ಇ, ಜಿ, ಸಿ. ಇ ಮೂಲ ಅಂದರೆ ಎಲ್ಲದರಿಂದ 4 ಕಳೆದು ಮತ್ತೆ ಹನ್ನೆರಡರ ಶೇಷ ತೆಗೆಯಬೇಕು, 0, 3, 8 ಸಿಗುತ್ತದೆ, ನಮ್ಮ ಸಾಲುಗಳಲ್ಲಿ ಅದಿಲ್ಲ. ಜಿ ಮೂಲ ಅಂದರೆ 0, 5, 9. ಅದೂ ಇಲ್ಲ. ಸಿ ಇಟ್ಟರೆ 0, 4, 7. ಸಿ ಮೇಜರ್! ಈ ಕಳೆಯುವ ಲೆಕ್ಕದಲ್ಲಿ ಒಂದು ಕಡೆ ಹುಷಾರು. ಶೇಷ ತೆಗೆಯೋ ಗುರುತು %, ಪೈಥಾನ್‌ನಲ್ಲಿ -5 % 12 ಅಂದರೆ 7 ಬರುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ -5 ಆಗಿಯೇ ಉಳಿಯುತ್ತದೆ. ಅಲ್ಲಿ 12 ಕೂಡಿಸಿ ಇನ್ನೊಮ್ಮೆ ಶೇಷ ತೆಗೆಯಬೇಕು.

ಈಗ ನಾನು ಮುಖ್ಯವಾಗಿ ಹೇಳಬೇಕಿದ್ದ ಮಾತು. ನೀನು ಸ್ವರಗಳನ್ನು ಬಂದ ಕೂಡಲೇ ಶೇಷ ತೆಗೆದು ಸೆಟ್‌ಗೆ, ಅಂದರೆ ಒಂದೇ ಸಂಖ್ಯೆಯನ್ನು ಎರಡು ಸಲ ಇಡದ ಗುಂಪಿಗೆ, ಹಾಕಿಬಿಟ್ಟಿದ್ದೀಯ. ಎರಡು ಸಲ ಬಂದ ಸ್ವರ ಒಂದಾಗುತ್ತದೆ, ಅದು ಸರಿ. ಆದರೆ ಎಲ್ಲಕ್ಕಿಂತ ಕೆಳಗೆ ಯಾವುದಿತ್ತು ಅನ್ನೋದೂ ಅಲ್ಲೇ ಕಳೆದುಹೋಗುತ್ತದೆ. ಮೇಲಿನ ಲೆಕ್ಕದಲ್ಲಿ ಕೆಳಗಿದ್ದದ್ದು ಇ. ಮೂಲದ ಬದಲು ಅದರ ಮುಂದಿನ ಸ್ವರ ಕೆಳಗಿದೆ, ಹಾಗಾಗಿ ಅದು ಸಿ ಮೇಜರಿನ ಮೊದಲ ಇನ್ವರ್ಷನ್. ಇದು ಬರೀ ಹೆಸರಿನ ಶಿಸ್ತು ಅಲ್ಲ. ಸಿ, ಇ, ಜಿ, ಎ ನಾಲ್ಕನ್ನೂ ಒತ್ತು. ಸಿ ಮೂಲ ಅಂದರೆ 0, 4, 7, 9, ಅದು ಸಿ ಸಿಕ್ಸ್ತ್. ಎ ಮೂಲ ಅಂದರೆ 0, 3, 7, 10, ಅದು ಎ ಮೈನರ್ ಸೆವೆಂತ್. ಸ್ವರಗಳು ಅವೇ, ಹೆಸರು ಎರಡು, ಎರಡೂ ಸರಿ. ನಿನ್ನ ಪ್ರೋಗ್ರಾಂ ಮೊದಲು ಸಿಕ್ಕ ಹೆಸರು ಹೇಳಿ ನಿಂತುಬಿಡುತ್ತದೆ. ಹಾಗೆ ಮಾಡಬೇಡ. ಶೇಷ ತೆಗೆಯೋ ಮೊದಲೇ ಅತಿ ಚಿಕ್ಕ ಸಂಖ್ಯೆಯನ್ನು ಬೇರೆ ಇಟ್ಟುಕೋ. ಹೊಂದುವ ಹೆಸರು ಎಲ್ಲವನ್ನೂ ಕೊಡು. ಕೆಳಗಿನ ಸ್ವರವೇ ಮೂಲವಾಗಿರೋದನ್ನು ಮೊದಲು ಬರೆ. 0, 4, 8 ಇರೋ ಆಗ್ಮೆಂಟೆಡ್‌ಗಂತೂ ಮೂರು ಸ್ವರವೂ ಮೂಲ ಆಗಬಲ್ಲವು.

ಷಡ್ಜ, ಪಂಚಮ, ಅಂದರೆ 0, 7 ಎರಡನ್ನೇ ಹಿಡಿದಾಗ ನಿನ್ನ ಕೋಡ್ ಮೇಜರ್ ಅನ್ನುತ್ತಿದೆ. 3 ಅಥವಾ 4ರಲ್ಲಿ ಬರುವ ಗಾಂಧಾರವೇ ಇಲ್ಲದೆ ಮೇಜರೋ ಮೈನರೋ ಅಂತ ಯಾರು ಹೇಳಲು ಸಾಧ್ಯ? ಇಲ್ಲದ ಸ್ವರವನ್ನು ಊಹಿಸಿ ಹೆಸರಿಡುವುದು ನನಗೆ ಒಪ್ಪಿಗೆ ಇಲ್ಲ. ‘ಬರೀ ಪಂಚಮ’ ಅಂತ ಬರೆ, ಸಾಕು. ಸೆವೆಂತ್ ಕಾರ್ಡಿನಲ್ಲಿ ಪಂಚಮ ಬಿಟ್ಟು ನುಡಿಸುವವರು ಬಹಳ ಮಂದಿ ಇದ್ದಾರೆ. ಅದಕ್ಕೆ ಜಾಗ ಕೊಡು, ಆದರೆ ಪೂರ್ತಿ ಹೊಂದಿದ್ದರ ನಂತರ. ಸಿ ಶಾರ್ಪೋ ಡಿ ಫ್ಲಾಟೋ ಅನ್ನೋದು ಸಂಖ್ಯೆಯಿಂದ ಗೊತ್ತಾಗಲ್ಲ. ಹಾಡಿನ ಸ್ಕೇಲ್ ಕೇಳಿಕೊಂಡು ಬರೆ.

ಪರೀಕ್ಷೆ ಮಾಡುವಾಗ ಎಲ್ಲ ಸ್ವರಕ್ಕೂ 1 ಕೂಡಿಸಿ ನೋಡು. ಮೂಲ ಒಂದು ಮನೆ ಮೇಲೆ ಹೋಗಬೇಕು, ಕಾರ್ಡಿನ ಬಗೆ ಬದಲಾಗಬಾರದು. ಹನ್ನೆರಡು ಸಲ ಮಾಡಿದರೆ ಮೂಲ ಬದಲಾದಾಗ ಆಗುವ ತಪ್ಪು ಸಿಗುತ್ತದೆ.

ಗವಿಮಠದ ಜಾತ್ರೆಗೆ ಬರುವಾಗ ಲ್ಯಾಪ್‌ಟಾಪ್ ಜೊತೆ ಮಿಡಿ ಕೇಬಲ್ಲನ್ನೂ ತಾ. ನಮ್ಮ ಕೀಬೋರ್ಡಿಗೆ ಹಚ್ಚಿ ನೋಡೋಣ. ಅಣ್ಣ, ವೈನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಕಾಕಾ