ಚೆಕ್ ವಾಪಸ್ ಕೊಟ್ಟವರಿಗೆ

ನಮ್ಮ ದೊಡ್ಡಪ್ಪ ಹತ್ತು ಸಾವಿರ ರೂಪಾಯಿಯ ಚೆಕ್ ಬರೆದುಕೊಂಡು ಹಾಸನದಿಂದ ಬೆಂಗಳೂರಿಗೆ ಬಂದಿದ್ದರು. "ನಮ್ಮ ಹುಡುಗೀನ ಉಳಿಸಿಕೊಟ್ಟಿದ್ದೀರಿ, ಇಟ್ಟುಕೊಳ್ಳಿ" ಅಂದರು. ಗುಂಪಿನ ಲೆಕ್ಕ ನೋಡುವವರು ಕೈಮುಗಿದು ವಾಪಸ್ ಕೊಟ್ಟರು. ಮಾದಕ ವಸ್ತುವಿನ ಚಟ ಬಿಡುವವರ ಕೂಟ ನಾರ್ಕೋಟಿಕ್ಸ್ ಅನಾನಿಮಸ್‌ನಲ್ಲಿ ಹೊರಗಿನವರ ದುಡ್ಡು ತೆಗೆದುಕೊಳ್ಳುವ ಪದ್ಧತಿ ಇಲ್ಲ. ಬಾಡಿಗೆ, ಟೀ, ಪುಸ್ತಕ ಎಲ್ಲವೂ ಸದಸ್ಯರು ಕೈಲಾದಷ್ಟು ಹಾಕುವ ದುಡ್ಡಿನಲ್ಲೇ ನಡೆಯಬೇಕು. ದೊಡ್ಡಪ್ಪನಿಗೆ ಸ್ವಲ್ಪ ಬೇಜಾರಾಯಿತು. ಅಮ್ಮ ತಂದಿದ್ದ ಕೋಡುಬಳೆ ಡಬ್ಬಿಗೆ ಮಾತ್ರ ಯಾವ ನಿಯಮವೂ ಅಡ್ಡ ಬರಲಿಲ್ಲ. ಟೀ ಬರುವಷ್ಟರಲ್ಲಿ ಖಾಲಿ.

ದುಡ್ಡು ಬೇಡ ಅಂದರು. ಹೆಸರು ಹೇಳಿ ಹೊಗಳುವ ಹಾಗೂ ಇಲ್ಲ, ಗುಟ್ಟು ಕಾಯುವುದೇ ಅಲ್ಲಿನ ಮೊದಲ ಮರ್ಯಾದೆ. ಹಾಗಾಗಿ ನನ್ನ ಹೆಸರನ್ನೂ ಹಾಕದೆ, ಅವರ ಹೆಸರನ್ನೂ ಹೇಳದೆ ಈ ಥ್ಯಾಂಕ್ಸ್ ಬರೆಯುತ್ತಿದ್ದೇನೆ.

ನಾನು ನರ್ಸ್. ಚಟ ಬಿಟ್ಟು ಒಂದು ವರ್ಷ ಆಯಿತು ಅಂತ ಕಳೆದ ತಿಂಗಳು ನನಗೆ ಗುಂಪಿನ ಕೀ ಟ್ಯಾಗ್ ಸಿಕ್ಕಿತು. ಹೊಸದಾಗಿ ಬಂದವರಿಗೆ ಬಿಳಿ ಟ್ಯಾಗ್, 30 ದಿನಕ್ಕೆ ಕಿತ್ತಳೆ, 60ಕ್ಕೆ ಹಸಿರು, 90ಕ್ಕೆ ಕೆಂಪು, ಹೀಗೆ ಹೋಗುತ್ತದೆ. ಒಂದು ವರ್ಷದ್ದು ಕತ್ತಲಲ್ಲಿ ಹೊಳೆಯುತ್ತದೆ. ಪ್ಲಾಸ್ಟಿಕ್ ತುಂಡು ಅಷ್ಟೇ. ಅಣ್ಣನ ಮಗ ಅದನ್ನು ಆಟದ ಸಾಮಾನು ಅಂದುಕೊಂಡು ದಿನಾ ಕೇಳುತ್ತಾನೆ. ಕೊಡುವುದಿಲ್ಲ.

ಮೈಗ್ರೇನ್ ಅಂತ ಶುರುವಾದ ಪೆಂಟಾಜೋಸಿನ್ ಅನ್ನುವ ನೋವಿನ ಇಂಜೆಕ್ಷನ್ ನನ್ನ ಚಟ. ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಈ ಹೆಸರು ಹೇಳಿದರೆ ಸಾಕು, ಉಳಿದದ್ದು ಗೊತ್ತಾಗುತ್ತದೆ. ಚುಚ್ಚಿದ ಜಾಗದ ಚರ್ಮ ಗಟ್ಟಿಯಾಗುತ್ತದೆ, ಹುಣ್ಣಾಗುತ್ತದೆ. ಏಪ್ರಿಲ್ ಬಿಸಿಲಲ್ಲೂ ನಾನು ತುಂಬುತೋಳಿನ ಸ್ವೆಟರ್ ಹಾಕುತ್ತಿದ್ದೆ. ಆ ಕಥೆ ಇಷ್ಟು ಸಾಕು.

ಮೊದಲ ಥ್ಯಾಂಕ್ಸ್ ನಮ್ಮ ವಾರ್ಡಿನ ಹಿರಿಯ ಸಿಸ್ಟರ್‌ಗೆ. ನನ್ನ ಕೈ ನೋಡಿದ ಮೇಲೆ ಅವರು ಸುದ್ದಿ ಮಾಡಲಿಲ್ಲ. ರಜೆ ಹಾಕಿ, ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸೆಯ ವಿಭಾಗದಲ್ಲಿ ನನ್ನ ಜೊತೆ ಚೀಟಿ ಹಿಡಿದು ಕೂತರು. ಪೊಲೀಸ್ ಕೇಸ್ ಆಗುತ್ತೆ, ರಿಜಿಸ್ಟ್ರೇಷನ್ ಹೋಗುತ್ತೆ ಅಂತ ನಾನು ನಡುಗುತ್ತಿದ್ದೆ. ಆಮೇಲೆ ಗೊತ್ತಾಯಿತು, ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲೇ 64ಎ ಅಂತ ಒಂದು ಕಲಂ ಇದೆ. ಚಟಕ್ಕೆ ಬಿದ್ದವರು ತಾವಾಗಿಯೇ ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಇರುವ ಕಡೆ ಚಿಕಿತ್ಸೆಗೆ ಹೋದರೆ, ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸಿನಿಂದ ರಕ್ಷಣೆ ಸಿಗುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಇದು ಗೊತ್ತಿಲ್ಲದೆ ಎಷ್ಟು ಜನ ಬಾಗಿಲು ಹಾಕಿಕೊಂಡು ಒಳಗೇ ಕೂತಿದ್ದಾರೋ.

ಡಾಕ್ಟರ್ ನಾಲಿಗೆ ಕೆಳಗೆ ಇಡುವ ಬ್ಯುಪ್ರೆನಾರ್ಫಿನ್ ಗುಳಿಗೆ ಶುರುಮಾಡಿದರು. ಇಂಜೆಕ್ಷನ್ ಬಿಟ್ಟಾಗ ಬರುವ ಮೈಕೈ ನೋವು, ವಾಂತಿ, ಮೂಗು ಸೋರುವುದು ತಹಬಂದಿಗೆ ಬಂತು. "ಮೈಯನ್ನು ಗುಳಿಗೆ ನೋಡಿಕೊಳ್ಳುತ್ತೆ. ಡ್ಯೂಟಿ ಮುಗಿದ ಮೇಲೆ ನಿಮ್ಮನ್ನ ಯಾರು ನೋಡಿಕೊಳ್ತಾರೆ?" ಅಂತ ಕೇಳಿ ಮೀಟಿಂಗಿನ ವಿಳಾಸ ಬರೆದುಕೊಟ್ಟವರೂ ಅವರೇ. ನೆಂಟರಲ್ಲಿ ಕೆಲವರು "ಒಂದು ಬಿಟ್ಟು ಇನ್ನೊಂದು ಹಿಡಿದಳು" ಅಂದರು. ಗುಂಪಿನಲ್ಲಿ ಕೇಳಿದೆ. "ಗುಳಿಗೆ ವಿಷಯ ನೀನುಂಟು ಡಾಕ್ಟರುಂಟು, ಅದರಲ್ಲಿ ನಮಗೇನು ಕೆಲಸ?" ಅಂದರು. ನನಗೆ ಎರಡೂ ಬೇಕಿತ್ತು. ಒಂದರಿಂದ ಆಗುತ್ತಿರಲಿಲ್ಲ.

ಚರ್ಚಿನ ಹಿಂದಿನ ಒಂದು ಕೋಣೆ, ಸುತ್ತ ಹಾಕಿದ ಪ್ಲಾಸ್ಟಿಕ್ ಕುರ್ಚಿಗಳು. ಸದಸ್ಯರಾಗಲು ಬಿಡಬೇಕೆಂಬ ಆಸೆ ಒಂದಿದ್ದರೆ ಸಾಕು. ಫೀಸ್ ಇಲ್ಲ, ಫಾರಂ ಇಲ್ಲ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ನಮ್ಮ ಕಡೆ ಯಾರಾದರೂ ಕಷ್ಟ ಹೇಳಿಕೊಂಡರೆ ಅರ್ಧಕ್ಕೇ ಉಪದೇಶ ಶುರುವಾಗುತ್ತದೆ, ಅಲ್ವಾ? ಇಲ್ಲಿ ಸುಮ್ನೆ ಕೇಳುತ್ತಾರೆ. ಮೊದಮೊದಲು ನನಗೆ ಅದೇ ಕಷ್ಟವಾಯಿತು.

ನನ್ನ ಎದುರು ಕೂರುತ್ತಿದ್ದವರು ಒಬ್ಬ ಆಟೋ ಡ್ರೈವರ್. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವರು. ಔಷಧ ಮೆದುಳಿನಲ್ಲಿ ಎಲ್ಲಿ ಹೋಗಿ ಕೂರುತ್ತದೆ ಅಂತ ನನಗೆ ಗೊತ್ತಿತ್ತು, ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ. ಅವರಿಗೆ ಅದು ಯಾವ ಹೊತ್ತಿಗೆ ಕರೆಯುತ್ತದೆ ಅಂತ ಗೊತ್ತಿತ್ತು. "ಸಿಸ್ಟರ್, ಡ್ಯೂಟಿ ಮುಗಿಸಿ ರೂಮಿಗೆ ಹೋಗೋ ಹೊತ್ತು ಹುಷಾರು. ಬೀಗ ತೆಗೆಯೋಕೆ ಮುಂಚೆ ನಮ್ಮಲ್ಲಿ ಯಾರಿಗಾದ್ರೂ ಫೋನ್ ಮಾಡಿ" ಅಂದರು. ಇನ್ನೊಂದು ಮಾತೂ ಹೇಳಿದರು. ಕೆಲವು ವಾರ ಬಿಟ್ಟಿದ್ದು ಮತ್ತೆ ಹಳೇ ಅಳತೆಗೇ ಹೋದರೆ ಮೈ ತಡೆಯುವುದಿಲ್ಲ, ಉಸಿರು ನಿಲ್ಲುತ್ತದೆ. ಅದು ನನ್ನ ಪಠ್ಯದಲ್ಲೂ ಇತ್ತು. ಅವರು ತಮ್ಮ ಗೆಳೆಯನ ಮಣ್ಣಿಗೆ ಹೋಗಿ ಕಲಿತಿದ್ದರು. ಅಣ್ಣಾ, ನಾನು ಮೆಟ್ಟಿಲ ಮೇಲೆ ನಿಂತು ಮಾಡಿದ ಆ ಎಲ್ಲ ಫೋನುಗಳನ್ನೂ ಎತ್ತಿದ್ದಕ್ಕೆ ಥ್ಯಾಂಕ್ಸ್. ಬಾಡಿಗೆಯ ಮಧ್ಯೆ ಗಾಡಿ ಪಕ್ಕಕ್ಕೆ ಹಾಕಿ ಮಾತಾಡಿದ್ದೀರಿ.

ಹೊಸಬರಿಗೆ ದಾರಿ ತೋರಿಸುವ ಹಳೇ ಸದಸ್ಯರನ್ನು ಗುಂಪಿನಲ್ಲಿ ಸ್ಪಾನ್ಸರ್ ಅನ್ನುತ್ತಾರೆ. ಹೆಂಗಸರಿಗೆ ಹೆಂಗಸರೇ ಸ್ಪಾನ್ಸರ್ ಆಗುವುದು ವಾಡಿಕೆ. ನನಗೆ ಸಿಕ್ಕಿದ್ದು ಬ್ಲೌಸ್ ಹೊಲಿಯುವ ಅಕ್ಕ. ಮದ್ಯ ಬಿಡುವವರ ಎಎ ಕೂಟದ ಹನ್ನೆರಡು ಹೆಜ್ಜೆಗಳನ್ನು ಇಟ್ಟುಕೊಂಡು 1953ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ನಾರ್ಕೋಟಿಕ್ಸ್ ಅನಾನಿಮಸ್‌ನ ಪಾಠವನ್ನು ಅಕ್ಕ ನನಗೆ ಹೊಲಿಗೆ ಮಿಷನ್ ತುಳಿಯುತ್ತಲೇ ಹೇಳಿಕೊಟ್ಟರು. ನಾಲ್ಕನೇ ಹೆಜ್ಜೆಯಲ್ಲಿ ನಮ್ಮ ಬಗ್ಗೆ ನಾವೇ ಎಲ್ಲ ಬರೆಯಬೇಕು. ನಾನು ಚೆಂದದ ಭಾಷೆಯಲ್ಲಿ ಬರೆದುಕೊಂಡು ಹೋದೆ. "ಕೇಸ್ ಶೀಟ್ ಇದ್ದಂಗಿದೆ, ನೀನೆಲ್ಲಿದ್ದೀಯ ಇದರಲ್ಲಿ?" ಅಂತ ವಾಪಸ್ ಕಳಿಸಿದರು. ಮೀಟಿಂಗಿನ ಪ್ರಾರ್ಥನೆಗೆ ನಾನು ಈಗಲೂ ಕಣ್ಣು ಮುಚ್ಚುವುದಿಲ್ಲ. ಅಕ್ಕ ಯಾಕೆ ಅಂತ ಒಂದು ದಿನವೂ ಕೇಳಲಿಲ್ಲ. ಅದಕ್ಕೂ ಥ್ಯಾಂಕ್ಸ್.

ಅಮ್ಮ ಊರಲ್ಲಿ ಮೊದಲು ನನಗೆ ಬೆನ್ನುನೋವು ಅಂತ ಹೇಳುತ್ತಿದ್ದಳು. ಈಗ ಕೇಳಿದವರಿಗೆ ಇದ್ದದ್ದನ್ನೇ ಹೇಳುತ್ತಾಳೆ. ಹಾಗೆ ಹೇಳಿದ ಮೇಲೆ ಪಕ್ಕದ ಬೀದಿಯ ಒಬ್ಬ ತಾಯಿ ಮಗನ ವಿಷಯ ಕೇಳಲು ಮನೆಗೆ ಬಂದರಂತೆ. ಅಮ್ಮ ಅವರಿಗೆ ಚಟ ಬಿಡಿಸುವ 14446 ಸಹಾಯವಾಣಿಯ ನಂಬರ್ ಬರೆದುಕೊಟ್ಟು, ಕಾಫಿ ಕುಡಿಸಿ ಕಳಿಸಿದಳು.

ಈಗಿನ ಕೆಲಸ ಕೊಟ್ಟ ಮೇಟ್ರನ್‌ಗೆ ಎಲ್ಲ ಗೊತ್ತು. ಲಸಿಕೆ ವಿಭಾಗಕ್ಕೆ ಹಾಕಿದ್ದಾರೆ. ನೋವಿನ ಔಷಧದ ಬೀರುವಿನ ಕೀಲಿ ನನ್ನ ಕೈಗೆ ಬೇಡ ಅಂತ ನಾನೇ ಕೇಳಿಕೊಂಡೆ. ಎರಡು ಮಾತಿಲ್ಲದೆ ಒಪ್ಪಿದರು.

ನಮ್ಮ ಗುಂಪಿನಲ್ಲಿ ಹೆಂಗಸರು ಕಡಿಮೆ. ಗಂಡಸರ ಮಧ್ಯೆ ಕೂರಲು ಮುಜುಗರ ಅನ್ನುವವರು ಬಂದರೆ ಅಕ್ಕನ ಆಚೆ ಒಂದು ಕುರ್ಚಿ, ಈಚೆ ಒಂದು ಕುರ್ಚಿ ಇದೆ. ಈ ತಿಂಗಳು ಟೀ ಮಾಡುವ ಸೇವೆ ನನ್ನದು. ಸಕ್ಕರೆ ಜಾಸ್ತಿ ಆಯಿತು ಅನ್ನುವ ದೂರು ಈಗಾಗಲೇ ಬಂದಿದೆ.