ದಿನಕ್ಕೊಂದು ಫೋಟೋ: ತೆಗೆಯುವವರು, ನೋಡುವವರು

ಪ್ರಿಯ ಓದುಗರೇ,

ವರ್ಷವಿಡೀ ದಿನಕ್ಕೊಂದು ಫೋಟೋ ತೆಗೆದು ಆನ್‌ಲೈನ್ ಗುಂಪಿನಲ್ಲಿ ಹಂಚಿಕೊಳ್ಳುವ ಅಭ್ಯಾಸ ಹೊಸದೇನಲ್ಲ. ನಮ್ಮ ಸಂಘದಲ್ಲೂ ಕೆಲವರು ಇದನ್ನು ಮಾಡುತ್ತಿದ್ದಾರೆ. ಇನ್ನು ಕೆಲವರು "ನಾವೂ ಸೇರಬಹುದಾ?" ಅಂತ ಕೇಳುತ್ತಿದ್ದಾರೆ. ಕೇಳುವವರ ಮೊದಲ ಪ್ರಶ್ನೆ ಕ್ಯಾಮೆರಾದ ಬಗ್ಗೆ. ಎರಡನೆಯದು, "ದಿನಾ ತೆಗೆಯೋಕೆ ಏನಿರುತ್ತೆ?" ಎಂಬುದು. ಎರಡೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಇಂಥ ಗುಂಪುಗಳನ್ನು ಹತ್ತಿರದಿಂದ ನೋಡಿದ ಮೇಲೆ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿರುವ ಪ್ರಶ್ನೆ ಬೇರೆ. ಉಳಿದವರು ಹಾಕಿದ ಫೋಟೋಗಳನ್ನು ನೀವು ನೋಡುತ್ತೀರಾ?

ಜನ ನಡುವೆ ಬಿಟ್ಟುಬಿಡಲು ಕೊಡುವ ಕಾರಣ ಸಮಯ. ಒಂದು ಫೋಟೋ ತೆಗೆಯಲು ಒಂದು ನಿಮಿಷ ಸಾಕು ಅನ್ನುವುದು ಅವರಿಗೂ ಗೊತ್ತು. ನಿಜವಾದ ಕಷ್ಟ ಎರಡನೇ ಮೂರನೇ ತಿಂಗಳಲ್ಲಿ ಶುರುವಾಗುತ್ತದೆ. ಹೂವು, ಸೂರ್ಯಾಸ್ತ, ಮಕ್ಕಳ ನಗು ಎಲ್ಲ ಆಗಿರುತ್ತದೆ. ಹಾಕಿದ ಫೋಟೋಗೆ ಒಂದು ಹೆಬ್ಬೆರಳಿನ ಗುರುತು ಬಿಟ್ಟರೆ ಬೇರೇನೂ ಬರುವುದಿಲ್ಲ. ಇವತ್ತು ಹಾಕದಿದ್ದರೆ ಯಾರಿಗಾದರೂ ಗೊತ್ತಾಗುತ್ತದಾ ಅನ್ನುವ ಪ್ರಶ್ನೆ ಮನಸ್ಸಿಗೆ ಬಂದ ದಿನವೇ ಅಭ್ಯಾಸ ಸಡಿಲವಾಗುತ್ತದೆ.

ಇಂಟರ್ನೆಟ್ ಇಲ್ಲದ ಕಾಲದಲ್ಲೂ ಇದನ್ನು ಮಾಡಿದವರಿದ್ದಾರೆ. ಅಮೆರಿಕದ ಜೇಮೀ ಲಿವಿಂಗ್‌ಸ್ಟನ್ ಅವರ ಕತೆ ನನಗೆ ಮರೆಯಲಾಗದು. ಬಾರ್ಡ್ ಕಾಲೇಜಿನಲ್ಲಿ ಓದುತ್ತಿದ್ದಾಗ, 1979ರ ಮಾರ್ಚ್ 31ರಂದು, ಅವರು ತೆಗೆದ ಕೂಡಲೇ ಕಾಗದದ ಫೋಟೋ ಕೊಡುವ ಪೋಲರಾಯ್ಡ್ ಕ್ಯಾಮೆರಾದಲ್ಲಿ ಒಂದು ಫೋಟೋ ತೆಗೆದರು. ದೊಡ್ಡ ಯೋಜನೆ ಏನೂ ಇರಲಿಲ್ಲ. ಕೆಲವು ವಾರ ಕಳೆದ ಮೇಲೆ, ಹೆಚ್ಚುಕಮ್ಮಿ ದಿನಕ್ಕೊಂದು ತೆಗೆಯುತ್ತಿದ್ದೇನೆ ಅನ್ನುವುದು ಅವರಿಗೇ ಗೊತ್ತಾಯಿತು. ಹಾಗೇ ಮುಂದುವರಿಸಿದರು. ಒಂದು ವರ್ಷ ಅಲ್ಲ, 18 ವರ್ಷಕ್ಕೂ ಜಾಸ್ತಿ. ಗೆಳೆಯರು, ಊಟದ ಮೇಜು, ರಸ್ತೆ, ಮದುವೆ, ಕೊನೆಗೆ ಆಸ್ಪತ್ರೆ. 1997ರ ಅಕ್ಟೋಬರ್ 25ರಂದು, ತಮ್ಮ 41ನೇ ಹುಟ್ಟುಹಬ್ಬದ ದಿನವೇ, ಕ್ಯಾನ್ಸರ್‌ನಿಂದ ತೀರಿಕೊಂಡರು. ಸಂಗ್ರಹ ಅಲ್ಲಿಗೆ ನಿಂತಿತು. ಆಮೇಲೆ ಅವರ ಗೆಳೆಯರಾದ ಹ್ಯೂ ಕ್ರಾಫರ್ಡ್ ಮತ್ತು ಬೆಟ್ಸಿ ರೀಡ್ ಆ ಸಾವಿರಾರು ಫೋಟೋಗಳನ್ನು ಒಂದೊಂದಾಗಿ ಜೋಡಿಸಿದರು. 2007ರಲ್ಲಿ ಅದೇ ಕಾಲೇಜಿನಲ್ಲಿ ಪ್ರದರ್ಶನ ಮಾಡಿದರು, ಎಲ್ಲರಿಗೂ ಸಿಗುವಂತೆ ಇಂಟರ್ನೆಟ್ಟಿಗೂ ಹಾಕಿದರು. ತೆಗೆದವರು ಒಬ್ಬರು, ಕೂತು ನೋಡಿ ಉಳಿಸಿದವರು ಗೆಳೆಯರು. ಆ ಗೆಳೆಯರು ಇಲ್ಲದಿದ್ದರೆ ಇವತ್ತು ನಾನು ಇದನ್ನು ಬರೆಯುತ್ತಲೂ ಇರಲಿಲ್ಲ.

ಈಗ ನೋಡುವವರು ಮೊದಲ ದಿನದಿಂದಲೇ ಇರುತ್ತಾರೆ. ಅದು ನಮಗೆ ಸಿಕ್ಕಿರುವ ಭಾಗ್ಯ. ಇಂಗ್ಲೆಂಡಿನ ಇಬ್ಬರು ಸಂಶೋಧಕರು, ಲಿಜ್ ಬ್ರೂಸ್ಟರ್ ಮತ್ತು ಆಂಡ್ರ್ಯೂ ಕಾಕ್ಸ್, ದಿನಕ್ಕೊಂದು ಫೋಟೋ ಹಾಕುವವರನ್ನೇ ಅಧ್ಯಯನ ಮಾಡಿದರು. 2018ರಲ್ಲಿ ಅದು ಪ್ರಕಟವಾಯಿತು. ಜನ ಹಾಕಿದ ಫೋಟೋ, ಜೊತೆಗೆ ಬರೆದ ಸಾಲು, ಬಂದ ಪ್ರತಿಕ್ರಿಯೆ ಎಲ್ಲವನ್ನೂ ನೋಡಿ, ಅವರ ಜೊತೆ ಮಾತನಾಡಿ ಬರೆದದ್ದು. ಈ ಅಭ್ಯಾಸ ಮನಸ್ಸಿಗೆ ಒಳ್ಳೆಯದು ಮಾಡುತ್ತದೆ ಅನ್ನುವುದು ಅವರು ಕಂಡುಕೊಂಡ ವಿಷಯ. ಅದಕ್ಕೆ ಅವರು ಕೊಟ್ಟ ಕಾರಣಗಳು ಮೂರು: ದಿನದಲ್ಲಿ ಒಂದಿಷ್ಟು ಹೊತ್ತು ತನ್ನ ಬಗ್ಗೆ ಗಮನ ಕೊಡುವುದು, ಹಿಂತಿರುಗಿ ನೋಡಿ ನೆನಪು ಮಾಡಿಕೊಳ್ಳುವುದು, ಇನ್ನೊಬ್ಬರ ಜೊತೆ ಮಾತು ಬೆಳೆಯುವುದು. ಮೊದಲ ಎರಡನ್ನು ಒಬ್ಬರೇ ಮಾಡಬಹುದು. ಮೂರನೆಯದಕ್ಕೆ ಗುಂಪು ಬೇಕೇ ಬೇಕು.

ಗುಂಪು ಎಷ್ಟು ಗಟ್ಟಿಯಾಗಬಹುದು ಅನ್ನುವುದಕ್ಕೆ ಬ್ಲಿಪ್‌ಫೋಟೋ ಒಂದು ಒಳ್ಳೆಯ ಉದಾಹರಣೆ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಹುಟ್ಟಿದ ತಾಣ ಅದು. ಅದರ ನಿಯಮ ತುಂಬಾ ಸರಳ: ದಿನಕ್ಕೆ ಒಂದೇ ಫೋಟೋ, ಅದೂ ಆ ದಿನವೇ ತೆಗೆದದ್ದು. ನಡೆಸುತ್ತಿದ್ದ ಕಂಪನಿ 2015ರಲ್ಲಿ ಮುಚ್ಚುವ ಸ್ಥಿತಿಗೆ ಬಂತು. ಆಗ ಸದಸ್ಯರೇ ಹಣ ಕೂಡಿಸಿ, ಸಮುದಾಯಕ್ಕೆ ಸೇರಿದ ಒಂದು ಸಂಸ್ಥೆ ಕಟ್ಟಿ, ತಾಣವನ್ನು ತಮ್ಮ ಕೈಗೆ ತೆಗೆದುಕೊಂಡರು. ಫೋಟೋ ಇಡಲು ಅಷ್ಟೇ ಜಾಗ ಬೇಕಾಗಿದ್ದರೆ ಬೇರೆ ಎಷ್ಟೋ ಕಡೆ ಸಿಗುತ್ತಿತ್ತು. ಅವರು ಉಳಿಸಿಕೊಂಡದ್ದು ತಮ್ಮ ಫೋಟೋ ನೋಡುತ್ತಿದ್ದ ಜನರನ್ನು.

ನೋಡುವುದು ಅಂದರೆ ಏನು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. "ಸೂಪರ್" ಅನ್ನುವುದು ಪ್ರೀತಿಯ ಮಾತೇ, ಬೇಡ ಅನ್ನುವುದಿಲ್ಲ. ಆದರೆ ಅದನ್ನು ಫೋಟೋ ನೋಡದೆಯೂ ಬರೆಯಬಹುದು. "ಬಾಗಿಲ ಸಂದಿಯಿಂದ ಬಂದ ಬೆಳಕು ನೆಲದ ಮೇಲೆ ಗೆರೆ ಎಳೆದ ಹಾಗಿದೆ" ಅಂತ ಬರೆಯಬೇಕಾದರೆ ಒಂದು ಕ್ಷಣ ನಿಂತು ನೋಡಲೇಬೇಕು. ಇಂಥ ಒಂದು ಸಾಲು ಬಂದವರು ಮರುದಿನ ಬೆಳಕನ್ನು ಹುಡುಕಿಕೊಂಡು ಹೋಗುತ್ತಾರೆ. ಪ್ರಶ್ನೆ ಕೇಳುವುದು ಇನ್ನೂ ಒಳ್ಳೆಯದು. "ಆ ಕೈ ಯಾರದ್ದು?" "ಈ ಮರದ ಎಲೆ ಹೋದ ವಾರವೂ ಹೀಗೇ ಇತ್ತಾ?" ಉತ್ತರ ಕೊಡಲು ಆ ವ್ಯಕ್ತಿ ತನ್ನ ಫೋಟೋವನ್ನು ಮತ್ತೊಮ್ಮೆ ನೋಡುತ್ತಾರೆ. ಕೆಲವೊಮ್ಮೆ ತೆಗೆಯುವಾಗ ಕಾಣದಿದ್ದದ್ದು ಆಗ ಕಾಣುತ್ತದೆ. ಕೇಳದೆ ತಪ್ಪು ಎತ್ತಿ ತೋರಿಸುವುದನ್ನು ಮಾತ್ರ ದಯವಿಟ್ಟು ಬಿಡಿ. ಗೆರೆ ವಾಲಿದೆ, ತಲೆ ಕತ್ತರಿಸಿಹೋಗಿದೆ ಅನ್ನುವ ಮಾತನ್ನು, ಸಲಹೆ ಕೇಳಿದವರಿಗೆ ಹೇಳಿದರೆ ಪಾಠ. ಕೇಳದವರಿಗೆ ಹೇಳಿದರೆ ಅವರು ನಾಳೆ ಫೋಟೋ ಹಾಕುವುದಿಲ್ಲ.

ಗುಂಪಿನಲ್ಲಿ ತುಂಬಾ ಜನ ಇದ್ದರೆ ಇದು ಆಗದ ಕೆಲಸ. ನೂರು ಜನ ದಿನಾ ಹಾಕಿದರೆ ನೂರು ಫೋಟೋ ಮೇಲಿಂದ ಕೆಳಗೆ ಜಾರಿಹೋಗುತ್ತವೆ, ಅಷ್ಟೇ. ಹತ್ತು ಹನ್ನೆರಡು ಜನರ ಗುಂಪೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಜಾಸ್ತಿ ಜನ ಸೇರಿದರೆ ಎರಡು ಗುಂಪು ಮಾಡಿಕೊಳ್ಳಿ. ಹತ್ತು ಜನರಲ್ಲಿ ಒಬ್ಬರು ನಾಲ್ಕು ದಿನ ಸುಮ್ಮನಾದರೆ ಉಳಿದವರಿಗೆ ತಿಳಿಯುತ್ತದೆ. "ಆರಾಮಾಗಿದ್ದೀರಾ?" ಅಂತ ಒಂದು ಸಂದೇಶ ಹೋಗುತ್ತದೆ. ಮನೆಯವರಿಂದ ದೂರ ಬಂದು ನೆಲೆಸಿದ ನಮ್ಮಂಥವರಿಗೆ ಆ ಒಂದು ಸಂದೇಶದ ಬೆಲೆ ಎಷ್ಟು ಅಂತ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಇನ್ನು, "ಏನು ತೆಗೆಯುವುದು?" ಎಂಬ ಪ್ರಶ್ನೆ. ದಿನಾ ಹೊರಗೆ ಹೋಗಬೇಕು, ಹೊಸ ಜಾಗ ನೋಡಬೇಕು ಅಂದುಕೊಂಡರೆ ವರ್ಷ ದಾಟುವುದು ಕಷ್ಟ. ಇವತ್ತಿಗೆ ಉಳಿದಿರುವ ಅತ್ಯಂತ ಹಳೆಯ ಕ್ಯಾಮೆರಾ ಚಿತ್ರವನ್ನು, 1826–27ರ ಸುಮಾರಿಗೆ, ಫ್ರಾನ್ಸಿನ ನಿಯೆಪ್ಸ್ ತೆಗೆದದ್ದು ತಮ್ಮ ಮನೆಯ ಕಿಟಕಿಯಿಂದಲೇ. ಪ್ರಾಗ್‌ನ ಛಾಯಾಗ್ರಾಹಕ ಯೋಸೆಫ್ ಸುದೆಕ್ ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡಿದ್ದರು. 1940ರಿಂದ 1954ರವರೆಗೆ ತಮ್ಮ ಸ್ಟುಡಿಯೋದ ಕಿಟಕಿಯನ್ನು ಮತ್ತೆ ಮತ್ತೆ ತೆಗೆದರು. ಗಾಜಿನ ಮೇಲೆ ಮಂಜು, ಹನಿ, ಆಚೆ ಒಂದು ಸೊಟ್ಟ ಮರ. ಹಂಗೆರಿಯಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ನೆಲೆಸಿದ ಛಾಯಾಗ್ರಾಹಕ ಆಂದ್ರೆ ಕೆರ್ತೆಸ್ ಅವರ ಹೆಂಡತಿ 1977ರಲ್ಲಿ ತೀರಿಕೊಂಡರು. ಆಮೇಲೆ ಆ ಹಿರಿಯ ಜೀವ ಪೋಲರಾಯ್ಡ್ ಕ್ಯಾಮೆರಾ ಹಿಡಿದು, 12ನೇ ಮಹಡಿಯ ತಮ್ಮ ಮನೆಯ ಕಿಟಕಿಯ ಬಳಿ ಸಣ್ಣ ಗಾಜಿನ ಮೂರ್ತಿಗಳನ್ನಿಟ್ಟು ಫೋಟೋ ತೆಗೆಯುತ್ತಾ ಕೂತರು. ಅದು ಲಿವಿಂಗ್‌ಸ್ಟನ್ ಬಳಸಿದ ಎಸ್‌ಎಕ್ಸ್-70 ಮಾದರಿಯ ಕ್ಯಾಮೆರಾವೇ. ಇವರಿಗೆಲ್ಲ ಒಂದು ಕಿಟಕಿ ಸಾಕಾಯಿತು.

ಹಾಗಾಗಿ ಹೊಸಬರಿಗೆ ನಾನು ಹೇಳುವುದಿಷ್ಟು. ವಿಷಯ ಸಿಗದ ದಿನ ಕಿಟಕಿಯ ಹತ್ತಿರ ಹೋಗಿ. ಬೆಳಕು ಪಕ್ಕದಿಂದ ಬೀಳುವ ಹಾಗೆ ಒಂದು ವಸ್ತು ಇಡಿ, ಮನೆಯ ದೀಪ ಆರಿಸಿ. ದಿನಾ ನೋಡುವ ಲೋಟಕ್ಕೂ ಆಗ ಒಂದು ಆಕಾರ ಬರುತ್ತದೆ. ಚಳಿಗಾಲದಲ್ಲಿ ಕತ್ತಲಲ್ಲಿ ಕೆಲಸಕ್ಕೆ ಹೋಗಿ ಕತ್ತಲಲ್ಲೇ ಮನೆಗೆ ಬರುವವರು ಫ್ಲ್ಯಾಶ್ ಬಳಸಬೇಡಿ. ಫೋನನ್ನು ಗೋಡೆಗೋ ಮೇಜಿಗೋ ಆನಿಸಿ ಹಿಡಿಯಿರಿ. ರಾತ್ರಿ ಫೋಟೋಗೆ ಫೋನ್ ಹಲವು ಚಿತ್ರ ತೆಗೆದು ಒಂದಾಗಿ ಸೇರಿಸುತ್ತದೆ, ಆ ಎರಡು ಮೂರು ಸೆಕೆಂಡು ಕೈ ಅಲುಗಬಾರದು. ಲೆನ್ಸ್ ಒರೆಸಿಕೊಳ್ಳಿ, ಇದನ್ನು ಎಲ್ಲರೂ ಮರೆಯುತ್ತಾರೆ. ವಾರಕ್ಕೊಂದು ವಿಷಯ ಇಟ್ಟುಕೊಂಡರೂ ಸುಲಭ: ನೆರಳು, ಕೈಗಳು, ಕೆಂಪು, ನೀರು.

ಫೋಟೋ ತೆಗೆಯುವ ಗಡಿಬಿಡಿಯಲ್ಲಿ ನೋಡುವುದೇ ತಪ್ಪಿಹೋಗುತ್ತದೆ ಎಂದು ಕೆಲವರು ಹೇಳುತ್ತಾರೆ. ಅದರಲ್ಲಿ ನಿಜ ಇದೆ. ಅಮೆರಿಕದ ಫೇರ್‌ಫೀಲ್ಡ್ ವಿಶ್ವವಿದ್ಯಾಲಯದ ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳನ್ನು ಒಂದು ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋದರು. ಕೆಲವು ವಸ್ತುಗಳ ಫೋಟೋ ತೆಗೆಯಿರಿ, ಕೆಲವನ್ನು ಸುಮ್ನೆ ನೋಡಿ ಅಂದರು. ಫೋಟೋ ತೆಗೆದ ವಸ್ತುಗಳೇ ಆಮೇಲೆ ಕಮ್ಮಿ ನೆನಪಿದ್ದವು. ಆದರೆ ಅದೇ ಅಧ್ಯಯನದ ಇನ್ನೊಂದು ಭಾಗ ಇದೆ. ವಸ್ತುವಿನ ಒಂದು ಭಾಗಕ್ಕೆ ಜೂಮ್ ಮಾಡಿ ತೆಗೆದಾಗ ನೆನಪು ಹೀಗೆ ಕುಗ್ಗಲಿಲ್ಲ. ದಿನಕ್ಕೆ ಒಂದೇ ಫೋಟೋ ಅನ್ನುವ ನಿಯಮ ನನಗೆ ಇಷ್ಟವಾಗುವುದು ಇದಕ್ಕೇ. ಇಪ್ಪತ್ತು ತೆಗೆದು ಇಪ್ಪತ್ತನ್ನೂ ಹಾಕುವವರು ಯಾವುದನ್ನೂ ಸರಿಯಾಗಿ ನೋಡಿರುವುದಿಲ್ಲ. ಒಂದನ್ನೇ ಆರಿಸಬೇಕಾದರೆ ಹತ್ತಿರ ಹೋಗಬೇಕು, ಉಳಿದದ್ದನ್ನು ಬಿಡಬೇಕು.

ತಪ್ಪಿಹೋದ ದಿನಗಳ ಬಗ್ಗೆ ಜನ ತುಂಬಾ ಬೇಜಾರು ಮಾಡಿಕೊಳ್ಳುತ್ತಾರೆ. ಬೇಡ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ 96 ಜನರ ಮೇಲೆ ನಡೆದು 2010ರಲ್ಲಿ ಅಚ್ಚಾದ ಒಂದು ಅಧ್ಯಯನ ಅಭ್ಯಾಸ ಹೇಗೆ ಅಂಟುತ್ತದೆ ಎಂದು ನೋಡಿತು. ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ, ಕೆಲವರಿಗೆ 254 ದಿನಗಳ ಲೆಕ್ಕ ಬಂತು. ಮಧ್ಯೆ ಒಂದು ದಿನ ತಪ್ಪಿದರೆ ಅಭ್ಯಾಸ ಕೆಡುವುದಿಲ್ಲ ಅನ್ನುವುದನ್ನೂ ಅದು ಕಂಡುಕೊಂಡಿತು.

ಇನ್ನೂ ದೊಡ್ಡ ಉದಾಹರಣೆ ತೈವಾನ್‌ನಿಂದ ಬಂದ ಕಲಾವಿದ ತೇಚಿಂಗ್ ಶೇ. 1980ರ ಏಪ್ರಿಲ್ 11ರಿಂದ ಒಂದು ವರ್ಷ ನ್ಯೂಯಾರ್ಕಿನಲ್ಲಿ ಪ್ರತಿ ಗಂಟೆಗೊಮ್ಮೆ, ಹಗಲು ರಾತ್ರಿ, ಕಾರ್ಖಾನೆಗಳಲ್ಲಿರುವಂಥ ಹಾಜರಿ ಗಡಿಯಾರಕ್ಕೆ ಕಾರ್ಡ್ ಒತ್ತಿದರು. ಪ್ರತಿ ಸಲವೂ ತಮ್ಮ ಒಂದು ಚಿತ್ರ ತೆಗೆದರು. ಶುರುವಿನಲ್ಲಿ ತಲೆ ಬೋಳಿಸಿದ್ದರು, ಕೂದಲು ಬೆಳೆಯುವುದರಲ್ಲೇ ಕಾಲ ಕಾಣುತ್ತದೆ. ಒಟ್ಟು 8,760 ಸಲ ಆಗಬೇಕಿತ್ತು. 133 ತಪ್ಪಿದವು. 94 ನಿದ್ದೆಯಿಂದ, 29 ತಡವಾಗಿ, 10 ಬೇಗ ಹೋಗಿ. ಇಷ್ಟು ಸರಿಯಾಗಿ ನಮಗೆ ಗೊತ್ತಿರುವುದು ಅವರು ತಪ್ಪಿದ್ದನ್ನೂ ಬರೆದಿಟ್ಟದ್ದರಿಂದ. ಆ 133 ಇಲ್ಲದಿದ್ದರೆ ಆ ಕೃತಿಯಲ್ಲಿ ನಿದ್ದೆಯೇ ಇರುತ್ತಿರಲಿಲ್ಲ.

ಅದಕ್ಕೇ ನನ್ನ ಕೋರಿಕೆ: ತಪ್ಪಿದ ದಿನವನ್ನು ಖಾಲಿ ಬಿಡಿ. ಇವತ್ತಿನ ಫೋಟೋವನ್ನು ನಿನ್ನೆಯದೆಂದು ಹಾಕಬೇಡಿ. ಜ್ವರ ಇತ್ತು, ಅಥವಾ ಮನಸ್ಸಾಗಲಿಲ್ಲ ಅಂತ ಒಂದು ಸಾಲು ಬರೆದರೆ ಅದೂ ಆ ವರ್ಷದ ಭಾಗವೇ. ದಿನ ಅಂದರೆ ಯಾವ ಊರಿನ ದಿನ ಅನ್ನುವ ಗೊಂದಲವೂ ಬರುತ್ತದೆ. ತೆಗೆಯುವವರು ಎಲ್ಲಿದ್ದಾರೋ ಅಲ್ಲಿಯ ಮಧ್ಯರಾತ್ರಿಯೇ ಗಡಿ ಎಂದು ಮೊದಲೇ ಒಪ್ಪಿಕೊಳ್ಳಿ. ಫೋಟೋ ಫೈಲಿನಲ್ಲಿ ಸಮಯದ ಜೊತೆ ಕಾಲವಲಯವನ್ನೂ ಬರೆಯುವ ವ್ಯವಸ್ಥೆ ಎಕ್ಸಿಫ್ ಮಾನದಂಡಕ್ಕೆ (ಕ್ಯಾಮೆರಾಗಳು ಫೋಟೋದ ವಿವರವನ್ನು ಫೈಲಿನೊಳಗೆ ಬರೆದಿಡುವ ಕ್ರಮ) ಬಂದದ್ದೇ 2016ರಲ್ಲಿ. ಹಳೆಯ ಕ್ಯಾಮೆರಾ ಇದ್ದವರು ಪ್ರಯಾಣದಲ್ಲಿ ಗಡಿಯಾರವನ್ನು ಕೈಯಾರೆ ಬದಲಾಯಿಸಬೇಕು. ಅಮೆರಿಕದಿಂದ ಪೆಸಿಫಿಕ್ ದಾಟಿ ಪಶ್ಚಿಮಕ್ಕೆ ಹೋದರೆ ಕ್ಯಾಲೆಂಡರಿನಲ್ಲಿ ಒಂದು ದಿನ ಪೂರ್ತಿ ಮಾಯವಾಗುವುದೂ ಉಂಟು. ಕ್ಯಾಲೆಂಡರಿನ ಆ ಚೌಕವೂ ಖಾಲಿ ಇರಲಿ.

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಹೇಳುತ್ತೇನೆ. ದಿನಾ ಫೋಟೋ ಹಾಕುವವರು ತಮಗೆ ಗೊತ್ತಿಲ್ಲದೆಯೇ ತಮ್ಮ ದಿನಚರಿಯನ್ನೂ ಹಾಕುತ್ತಾರೆ. ಮನೆ ನಂಬರ್, ಕಾರಿನ ನಂಬರ್, ಮಗುವಿನ ಶಾಲೆಯ ಹೆಸರಿರುವ ಬ್ಯಾಗ್, ಪ್ರತಿ ಮಂಗಳವಾರ ಇದೇ ಹೊತ್ತಿಗೆ ಇದೇ ಪಾರ್ಕ್. ಫೋನ್ ಫೋಟೋದೊಳಗೆ ಜಾಗದ ಗುರುತೂ ಸೇರಿರಬಹುದು. ಕೆಲವು ತಾಣಗಳು ಅದನ್ನು ತೆಗೆದುಹಾಕುತ್ತವೆ, ಕೆಲವು ಹಾಗೇ ಬಿಡುತ್ತವೆ. ಕ್ಯಾಮೆರಾದ ಸೆಟ್ಟಿಂಗಿನಲ್ಲೇ ನಿಲ್ಲಿಸುವುದು ಒಳ್ಳೆಯದು. ಬೇರೆಯವರ ಮುಖ ಇದ್ದರೆ ಕೇಳಿ ಹಾಕಿ. ನಿಮ್ಮ ಮಕ್ಕಳನ್ನೂ ಕೇಳಿ, ಅವರು ಬೇಡ ಅಂದರೆ ಬೇಡ. ಫೋಟೋಗಳ ಮೂಲ ಪ್ರತಿ ನಿಮ್ಮ ಹತ್ತಿರ ಎರಡು ಕಡೆ ಇರಲಿ. ತಾಣಗಳು ಬರುತ್ತವೆ, ಹೋಗುತ್ತವೆ.

ನಮ್ಮ ಗುಂಪಿಗೆ ಸೇರಲು ಜನವರಿ 1ಕ್ಕೇ ಕಾಯಬೇಕಾಗಿಲ್ಲ. ಯಾವ ದಿನ ಶುರು ಮಾಡಿದರೂ ಮುಂದಿನ ವರ್ಷ ಅದೇ ದಿನಕ್ಕೆ ಒಂದು ವರ್ಷ. ಮುಂದಿನ ಸಂಚಿಕೆಯಿಂದ ಸುದ್ದಿಪತ್ರದಲ್ಲೂ ಈ ಫೋಟೋಗಳಿಗೆ ಒಂದು ಪುಟ ಇಡುತ್ತಿದ್ದೇವೆ. ಅದಕ್ಕೆ ನಿಮ್ಮ ಫೋಟೋವನ್ನು ನೀವೇ ಕಳಿಸುವಂತಿಲ್ಲ. ಗುಂಪಿನ ಇನ್ನೊಬ್ಬರು ತೆಗೆದ ಒಂದು ಫೋಟೋ ಆರಿಸಿ, ಅವರ ಒಪ್ಪಿಗೆ ಕೇಳಿ, ಅದರಲ್ಲಿ ನೀವು ಏನು ಕಂಡಿರಿ ಎಂದು ನಾಲ್ಕು ಸಾಲು ಬರೆದು ಕಳಿಸಿ. ಫೋಟೋದ ಕೆಳಗೆ ಇಬ್ಬರ ಹೆಸರೂ ಹಾಕುತ್ತೇವೆ.