ಕಡಿಮೆ ಓಡಿದ ಕಾರು

ಮತ್ತಿಕೆರೆ, ಬೆಂಗಳೂರು
ಮಂಗಳವಾರ ರಾತ್ರಿ

ಪ್ರೀತಿಯ ಪುಟ್ಟಿ,

ಫೋನಿನಲ್ಲಿ ಹೇಳಿದರೆ ‘ಹೂಂ ಅಮ್ಮ, ಆಯಿತು ಅಮ್ಮ’ ಎಂದು ಮುಗಿಸಿಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಜೊತೆಯಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಅದು ಏಕೆಂದು ಆಮೇಲೆ ಹೇಳುತ್ತೇನೆ.

ಭಾನುವಾರ ಕಾರು ತಂದು ಮನೆ ಮುಂದೆ ನಿಲ್ಲಿಸಿದಾಗ ಅಮ್ಮ ಏನೂ ಹೇಳಲಿಲ್ಲವಲ್ಲ ಎಂದು ನಿನಗೆ ಬೇಸರವಾಗಿರಬೇಕು. ಬೀದಿಯ ಹುಡುಗರು ಸುತ್ತ ನಿಂತು ಫೋಟೊ ತೆಗೆಯುತ್ತಿದ್ದರು. ಎದುರುಮನೆಯವರು ‘ಇಬ್ಬರೇ ಕೂರುವ ಕಾರಿಗೆ ಅಷ್ಟೊಂದು ದುಡ್ಡೇ?’ ಎಂದು ನನ್ನ ಕಿವಿಯಲ್ಲಿ ಕೇಳಿದರು. ನಿನ್ನ ದುಡ್ಡು, ನಿನ್ನ ಆಸೆ. ಅದರಲ್ಲಿ ನನ್ನದೇನೂ ತಕರಾರಿಲ್ಲ. ಆ ಕಡುನೀಲಿ ಬಣ್ಣ ನನಗೂ ಹಿಡಿಸಿತು. ನನ್ನ ಬಾಯಿ ಕಟ್ಟಿಸಿದ್ದು ನೀನು ಹೆಮ್ಮೆಯಿಂದ ಹೇಳಿದ ಒಂದು ಮಾತು: ‘2014ರ ಗಾಡಿ ಅಮ್ಮ, ಓಡಿರುವುದು ಬರೀ 29 ಸಾವಿರ ಕಿಲೋಮೀಟರ್. ಒಬ್ಬ ಡಾಕ್ಟರು ವಾರಕ್ಕೊಮ್ಮೆ ಓಡಿಸುತ್ತಿದ್ದರಂತೆ.’ ನಮ್ಮೂರಿನಲ್ಲಿ ಮಾರಾಟಕ್ಕೆ ಬರುವ ಹಳೆಯ ಕಾರುಗಳನ್ನೆಲ್ಲ ಡಾಕ್ಟರುಗಳೇ ಓಡಿಸಿರುತ್ತಾರೆ. ನಮಗೆ ಜ್ವರ ಬಂದಾಗ ಇಷ್ಟು ಜನ ಡಾಕ್ಟರುಗಳು ಎಲ್ಲಿ ಹೋಗಿರುತ್ತಾರೋ ಕಾಣೆ.

ನೀನು ಗುಣ ಎಂದುಕೊಂಡದ್ದೇ ನನಗೆ ಕಾಯಿಲೆಯಾಗಿ ಕಂಡಿತು. ಇಪ್ಪತ್ತಾರು ವರ್ಷ ಜಾಲಹಳ್ಳಿಯ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತವಳು ನಾನು. ಮದುವೆಗೆ ಉಡುಗೊರೆ ಬಂದು ಬೀರುವಿನಲ್ಲೇ ಉಳಿದ ‘ಜನತಾ’ ವಾಚುಗಳನ್ನು ನೆಂಟರಿಷ್ಟರು ಹತ್ತು ವರ್ಷವಾದ ಮೇಲೆ ನನ್ನ ಹತ್ತಿರ ತರುತ್ತಿದ್ದರು. ‘ಒಂದು ದಿನವೂ ಕಟ್ಟಿಲ್ಲ, ಆದರೂ ನಿಂತು ನಿಂತು ಓಡುತ್ತದೆ’ ಎನ್ನುವುದು ಅವರ ದೂರು. ಬಿಚ್ಚಿ ನೋಡಿದರೆ ಸವೆದದ್ದು ಏನೂ ಇರುತ್ತಿರಲಿಲ್ಲ. ಚಕ್ರಗಳ ಅಚ್ಚು ತಿರುಗುವ ಪುಟ್ಟ ಕಲ್ಲುಗಳ ಕುಳಿಗಳಲ್ಲಿ ಸೂಜಿಮೊನೆಯಿಂದ ಇಟ್ಟ ಎಣ್ಣೆ ಮಾತ್ರ ಅಂಟಂಟಾಗಿ ಹಳದಿ ತಿರುಗಿರುತ್ತಿತ್ತು. ಕೈಗೆ ಕಟ್ಟಲಿ ಬಿಡಲಿ, ಎಣ್ಣೆಗೆ ವಯಸ್ಸಾಗುತ್ತದೆ. ರಬ್ಬರಿಗೂ ಅಷ್ಟೆ.

ನೀನೂ ಅಪ್ಪನೂ ಒಳಗೆ ಕಾಫಿ ಕುಡಿಯುತ್ತಿದ್ದಾಗ ನಾನು ಹೊರಗೆ ಕುಕ್ಕರುಗಾಲಿನಲ್ಲಿ ಕೂತು ನಿನ್ನ ಟೈರುಗಳನ್ನು ನೋಡಿದೆ. ಪಕ್ಕೆಯ ಮೇಲೆ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಯಲ್ಲಿ, ಪುಟ್ಟ ಅಂಡಾಕಾರದ ಗೆರೆಯೊಳಗೆ 1914 ಎಂದಿತ್ತು. ಅದು ಮಹಾಯುದ್ಧದ ಇಸವಿಯಲ್ಲ. 2014ರ 19ನೇ ವಾರ. ಕಾರಿನ ಜೊತೆಗೇ ಹುಟ್ಟಿದ ಟೈರು! ಗ್ರಿಪ್ ಇನ್ನೂ ಧಾರಾಳವಾಗಿದೆ, ಅದನ್ನು ನೋಡಿಯೇ ನೀನು ಮೋಸಹೋಗಿದ್ದೀಯ. ಸಂದಿನಲ್ಲಿ ಉಗುರು ಒತ್ತಿ ಬಿಡಿಸಿದರೆ ಬೇಸಿಗೆಯ ಕೆರೆಯಂಗಳದ ಹಾಗೆ ಸಣ್ಣ ಸಣ್ಣ ಬಿರುಕು. ನಾಲ್ಕನ್ನೂ ಬದಲಿಸು; ಅಲ್ಲಿಯವರೆಗೆ ಏರ್‌ಪೋರ್ಟ್ ರಸ್ತೆಯ ಕಡೆ ತಲೆ ಹಾಕಬೇಡ. ಹಾಗೆಯೇ ಡಿಕ್ಕಿಯಲ್ಲಿ ಸ್ಟೆಪ್ನಿ ಇಲ್ಲ, ಒಂದು ಪಂಪು ಮತ್ತು ಪಂಕ್ಚರಿಗೆ ತುಂಬುವ ದ್ರಾವಣದ ಬಾಟಲಿ ಇದೆ. ಆ ಬಾಟಲಿಗೂ ಮುಗಿಯುವ ದಿನಾಂಕ ಇರುತ್ತದೆ. ಓದಿ ನೋಡು.

ಎರಡನೆಯದು ಬ್ರೇಕ್ ಆಯಿಲ್. ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರೊಡೆಯುವುದನ್ನು ನೋಡಿದ್ದೀಯಲ್ಲ, ಇದೂ ಹಾಗೆಯೇ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಡಾಟ್ 4 ಎಂಬ ದರ್ಜೆಯದು ಹೊಸದಾಗಿದ್ದಾಗ 230 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯಬಾರದು ಎಂಬುದು ನಿಯಮ, ಶೇ 3.7ರಷ್ಟು ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ನಂದಿಬೆಟ್ಟದಿಂದ ಇಳಿಯುವಾಗ ತಿರುವಿಗೊಮ್ಮೆ ಬ್ರೇಕ್ ತುಳಿದು ತುಳಿದು ಕಾದರೆ ಆಯಿಲ್ ಕುದಿದು ಗುಳ್ಳೆ ಏಳುತ್ತದೆ, ಪೆಡಲ್ ಹತ್ತಿಯ ದಿಂಬಿನಂತೆ ಒಳಗೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದದ್ದು ಇದು. ನಿನ್ನ ಸರ್ವಿಸ್ ಪುಸ್ತಕದಲ್ಲಿ 2019ರ ನಂತರ ಒಂದೂ ಮುದ್ರೆಯಿಲ್ಲ. ‘ಹೊರಗಡೆ ಮಾಡಿಸಿದ್ದೇವೆ’ ಎಂದು ಮಾರಿದವರು ಹೇಳಿದರಂತೆ. ಮಾಡಿಸಿದ್ದರೆ ಬಿಲ್ಲು ಎಲ್ಲಿ?

ಆದ್ದರಿಂದ ಯಾರ ಮಾತನ್ನೂ ಲೆಕ್ಕಕ್ಕೆ ಹಿಡಿಯದೆ ಎಂಜಿನ್ ಆಯಿಲ್, ಫಿಲ್ಟರುಗಳು, ಕೂಲೆಂಟ್ ಎಲ್ಲವನ್ನೂ ಒಮ್ಮೆ ಬದಲಿಸಿಬಿಡು. ಎಂಜಿನ್ನಿನ ವಾಲ್ವ್‌ಗಳನ್ನು ಪಿಸ್ಟನ್ನಿನ ಜೊತೆ ಹೊಂದಿಸಿ ಆಡಿಸುವ ರಬ್ಬರ್ ಪಟ್ಟಿ, ಅಂದರೆ ಟೈಮಿಂಗ್ ಬೆಲ್ಟ್ ವಿಷಯದಲ್ಲಿ ಮಾತ್ರ ಗ್ಯಾರೇಜಿನವರೊಡನೆ ಜಗಳವಾಡಬೇಕಾದರೂ ಆಡು. ‘ಕಿಲೋಮೀಟರ್ ಇನ್ನೂ ಆಗಿಲ್ಲ ಮೇಡಂ’ ಎನ್ನುತ್ತಾರೆ. ಬೆಲ್ಟಿಗೆ ಕಿಲೋಮೀಟರಿನ ಲೆಕ್ಕವೂ ಇದೆ, ವರ್ಷದ ಲೆಕ್ಕವೂ ಇದೆ. ಅದು ತುಂಡಾದರೆ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಹಾಳಾಗುತ್ತದೆ. ಗೇರ್‌ಬಾಕ್ಸಿನ ಆಯಿಲ್ 60 ಸಾವಿರ ಕಿಲೋಮೀಟರಿಗೆ ಎಂದು ಪುಸ್ತಕದಲ್ಲಿದೆ; ಕೈಯಲ್ಲಿ ದುಡ್ಡಿಲ್ಲದಿದ್ದರೆ ಅದು ಮುಂದಿನ ತಿಂಗಳಿಗೆ ಇರಲಿ. ಕಾರಿನ ಮೈಗೆ ಸೆರಾಮಿಕ್ ಕೋಟಿಂಗ್ ಮಾಡಿಸುತ್ತೇನೆ ಎಂದೆಯಲ್ಲ, ಆ ದುಡ್ಡಿನಲ್ಲಿ ಈ ಬೆಲ್ಟು ಬರುತ್ತದೆ.

ನಿನಗೆ ಆಗಲೇ ಹೇಳದೆ ಮುಚ್ಚಿಟ್ಟ ಸಂಗತಿ ಒಂದಿದೆ. ಸೀಟಿನ ಹಿಂದಿನ ಕಾರ್ಪೆಟ್ ಒತ್ತಿದೆ, ಅಂಗೈ ತೇವವಾಯಿತು. ಬಟ್ಟೆಯ ಟಾಪು ಮಡಚಿ ಕೂರುವ ಮೂಲೆಯಲ್ಲಿ ಮಳೆನೀರು ಇಳಿದುಹೋಗಲು ಒಂದು ತೂತು ಇರುತ್ತದೆ. ಟಾರ್ಚ್ ಬಿಟ್ಟು ನೋಡಿದರೆ ತೂತೇ ಕಾಣಲಿಲ್ಲ. ಬೆರಳು ಹಾಕಿ ಕೆದಕಿದಾಗ ಬಂದದ್ದು ಒಂದು ಹಿಡಿ ಕಪ್ಪು ಗೊಬ್ಬರ, ಅದರಲ್ಲಿ ಇನ್ನೂ ಆಕಾರ ಉಳಿಸಿಕೊಂಡಿದ್ದ ಹೊಂಗೆ ಹೂವುಗಳು. ಯಾವುದೋ ಹೊಂಗೆಮರದ ನೆರಳಿನಲ್ಲಿ ವರ್ಷಗಟ್ಟಲೆ ನಿಂತ ಕಾರು ಅದು. ವಾರಕ್ಕೊಮ್ಮೆ ಓಡಿಸಿದ ಕಥೆ ನನ್ನ ಅಂಗೈಯಲ್ಲೇ ಇತ್ತು. ದಪ್ಪ ನೈಲಾನ್ ದಾರ ಇಳಿಸಿ, ತಿರುವಿ, ಒಂದು ಲೋಟ ನೀರು ಹುಯ್ದೆ. ಸ್ವಲ್ಪ ತಡೆದು ಚಕ್ರದ ಹಿಂದಿನಿಂದ ಸುರಿಯಿತು. ಇನ್ನೊಂದು ಕಡೆಯದು ಹಾಗೇ ಉಳಿದಿದೆ. ತಂತಿ ಹಾಕಬೇಡ, ಒಳಗಿನ ಕೊಳವೆ ಕಳಚಿಕೊಳ್ಳುತ್ತದೆ. ಕಾರ್ಪೆಟ್ ಎತ್ತಿಸಿ ಒಣಗಿಸು; ಕೆಳಗೆ ವೈರುಗಳ ಜಾಲವೇ ಇರುತ್ತದೆ. ಮಾರ್ಚ್, ಏಪ್ರಿಲ್ ಬಂದಾಗ ಹೊಂಗೆಯ ಕೆಳಗೆ ನಿಲ್ಲಿಸುವ ಆಸೆ ಬಿಡು.

ಓಡಿಸುವ ವಿಷಯ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಎರಡೇ ಮಾತು. ಮುಂದೆ ಕಾಣುವ ಬಿಸಿಯ ಮುಳ್ಳು ತೋರಿಸುವುದು ಎಂಜಿನ್ನಿನ ನೀರಿನ ಬಿಸಿ, ಎಣ್ಣೆಯದಲ್ಲ; ಎಣ್ಣೆ ಕಾಯಲು ಇನ್ನೂ ಹೊತ್ತು ಬೇಕು. ಮುಳ್ಳು ನಡುವಿಗೆ ಬಂದ ಮೇಲೂ ಒಂದೆರಡು ಮೈಲಿ ನಿಧಾನವಾಗಿ ಹೋಗು. ಮತ್ತೆ, ಟ್ಯಾಂಕ್ ತುಂಬಿಸಿ ತಿಂಗಳುಗಟ್ಟಲೆ ನಿಲ್ಲಿಸಬೇಡ. ನಿನ್ನ ಕಾರು ತಯಾರಾದಾಗ ಇಲ್ಲಿ ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಇರಲಿಲ್ಲ. ಎಥನಾಲಿಗೂ ನೀರು ಎಳೆದುಕೊಳ್ಳುವ ಬುದ್ಧಿ ಇದೆ. ಪೆಟ್ರೋಲ್ ಪೈಪುಗಳನ್ನೂ ಒಮ್ಮೆ ನೋಡಿಸು.

ಮಳೆಯಲ್ಲಿ ಕೆಳಸೇತುವೆಗೆ ಇಳಿಯಬೇಡ. ಇದನ್ನು ಕಾರಿನ ಚಿಂತೆಯಿಂದ ಬರೆಯುತ್ತಿಲ್ಲ. 2023ರ ಮೇ ತಿಂಗಳಲ್ಲಿ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ನೀರು ತುಂಬಿ, ಕಾರು ಮುಳುಗಿ ತೀರಿಕೊಂಡ ಹುಡುಗಿಯ ಸುದ್ದಿ ಓದಿದ ದಿನ ನಾನು ನಿನಗೆ ಎಷ್ಟು ಸಲ ಫೋನ್ ಮಾಡಿದೆ, ನೆನಪಿದೆಯೇ? ನಿನ್ನದು ನೆಲಕ್ಕೆ ಅಂಟಿಕೊಂಡ ಗಾಡಿ. ಎಂಜಿನ್ ನೀರು ಕುಡಿದರೆ ನಡುನೀರಿನಲ್ಲೇ ನಿಲ್ಲುತ್ತದೆ.

ಆರ್‌ಸಿ ವರ್ಗಾವಣೆ, 14 ದಿನದೊಳಗೆ ವಿಮೆ ನಿನ್ನ ಹೆಸರಿಗೆ, ಇದನ್ನು ಅಪ್ಪ ಹೇಳಿದ್ದಾರೆ. ಹಳೆಯ ಮಾಲೀಕರ ನೋ ಕ್ಲೈಮ್ ಬೋನಸ್, ಅಂದರೆ ವಿಮೆಯ ಹಣ ಕೇಳದೆ ಇದ್ದವರಿಗೆ ಸಿಗುವ ರಿಯಾಯಿತಿ, ನಿನಗೆ ಬರುವುದಿಲ್ಲ.

ಇನ್ನು ನೋಟ್‌ಬುಕ್. ಮೊದಲ ಪುಟದಲ್ಲಿ ಭಾನುವಾರದ ದಿನಾಂಕ, ಮೀಟರಿನ ಓದು, ನಾಲ್ಕೂ ಟೈರಿನ ಅಂಕಿ, ಎಡಗಡೆಯ ತೂತು ತೆರೆದದ್ದು ಬರೆದಿದ್ದೇನೆ. ಒಂದು ಹೊಂಗೆ ಹೂವನ್ನು ಟೇಪು ಹಾಕಿ ಅಂಟಿಸಿದ್ದೇನೆ, ನಗಬೇಡ. ಮುಂದಿನದನ್ನು ನೀನು ಬರೆ, ಬಿಲ್ಲುಗಳನ್ನು ಅಲ್ಲೇ ಅಂಟಿಸು. ಜೆ.ಸಿ. ರಸ್ತೆಯಿಂದ ಆಯಿಲ್ ತಂದರೂ ಅಂಗಡಿಯ ಚೀಟಿ ಬೇಕು.

ಮುಂದಿನ ಭಾನುವಾರ ಊಟಕ್ಕೆ ಬಾ, ಹುರುಳಿಕಾಯಿ ಪಲ್ಯ ಮಾಡುತ್ತೇನೆ. ಬರುವಾಗ ನಮ್ಮ ಬೀದಿಯ ಮೊದಲ ತಿರುವಿನಲ್ಲಿ ಬರಬೇಡ, ಹಾಲಿನ ಬೂತಿನ ಕಡೆಯಿಂದ ಸುತ್ತಿ ಬಾ. ಹಂಪ್ 10 ಸೆಂಟಿಮೀಟರ್ ಎತ್ತರ ಇರಬೇಕೆಂದು ನಿಯಮ. ಇವತ್ತು ಬೆಳಿಗ್ಗೆ ಅಪ್ಪನಿಂದ ಟೇಪಿನ ಒಂದು ತುದಿ ಹಿಡಿಸಿ ಅಳೆದೆ: ಮೊದಲ ತಿರುವಿನದು 14, ಬೂತಿನ ಹತ್ತಿರದ್ದು 9. ನಿನ್ನ ಕಾರಿನ ಹೊಟ್ಟೆಗೂ ನೆಲಕ್ಕೂ ನಡುವೆ ಇರುವುದು 12.

ನಿನ್ನ,
ಅಮ್ಮ